ಹಿತ್ತಲಲ್ಲೇ ವಿಮಾನ ನಿಂತಿದೆ, ನೀನೆಲ್ಲಿದ್ದೀಯ ತಮ್ಮಾ?

ತಮ್ಮಾ, ತಂಗೀ,

ಒಂದು ಒಗಟು ಹೇಳುತ್ತೇನೆ, ಬಿಡಿಸು. ರೆಕ್ಕೆಯಿಲ್ಲ, ಬಾಲವಿಲ್ಲ, ಇಂಜಿನ್ನೂ ಇಲ್ಲ. ಒಂದು ಹನಿ ಇಂಧನ ಕುಡಿಯುವುದಿಲ್ಲ. ಹುಟ್ಟಿದ ದಿನದಿಂದ ಇವತ್ತಿನವರೆಗೆ ನೆಲ ಬಿಟ್ಟು ಮೇಲೆ ಹೋಗಿಲ್ಲ. ಆದರೂ ದಿನಕ್ಕೆ ನಾಲ್ಕಾರು ಸಲ ಅದರ ಇಲ್ಲದ ಇಂಜಿನ್ನಿಗೆ ಬೆಂಕಿ ಬೀಳುತ್ತದೆ! ಮಳೆಯಲ್ಲಿ, ಮಂಜಿನಲ್ಲಿ, ಬಿರುಗಾಳಿಯಲ್ಲಿ ಅದು ರನ್‌ವೇಗೆ ಇಳಿಯುತ್ತದೆ. ಒಳಗೆ ಕೂತ ಪೈಲಟ್‌ನ ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತದೆ. ಅದು ‘ಬಿದ್ದರೂ’ ಯಾರೂ ಸಾಯುವುದಿಲ್ಲ. ಪರದೆ ಕಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರು.

ಏನದು?

ಫ್ಲೈಟ್ ಸಿಮ್ಯುಲೇಟರ್. ಪೈಲಟ್‌ಗಳಿಗೆ ತರಬೇತಿ ಕೊಡುವ ಯಂತ್ರ. ಅಮೆರಿಕದಲ್ಲಿ ಮಾತ್ರ ಇರುವ ವಸ್ತುವಲ್ಲ, ನಿನ್ನ ಬೆಂಗಳೂರಿನಲ್ಲೇ ಇದೆ. ಹೆಚ್.ಎ.ಎಲ್. ಮತ್ತು ಕೆನಡಾದ ಸಿ.ಎ.ಇ. ಕಂಪನಿ ಸೇರಿ ಕಟ್ಟಿದ ‘ಹ್ಯಾಟ್ಸಾಫ್’ ಎಂಬ ಹೆಲಿಕಾಪ್ಟರ್ ತರಬೇತಿ ಕೇಂದ್ರ 2010ರಿಂದ ಇಲ್ಲಿ ನಡೆಯುತ್ತಿದೆ. ನಮ್ಮ ‘ಧ್ರುವ’ ಹೆಲಿಕಾಪ್ಟರಿನ ಪೈಲಟ್‌ಗಳೂ ಅಲ್ಲಿ ಕಲಿಯುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನಗಳ ಸಿಮ್ಯುಲೇಟರ್‌ಗಳೂ ಈ ಊರಿನಲ್ಲಿವೆ. ಯುದ್ಧವಿಮಾನಗಳ ಸಿಮ್ಯುಲೇಟರ್‌ಗಳನ್ನು ರೂಪಿಸುವ ಎ.ಡಿ.ಇ. ಎಂಬ ರಕ್ಷಣಾ ಪ್ರಯೋಗಾಲಯ 1959ರಿಂದ ಇಲ್ಲೇ ಇದೆ. ಹೆಚ್.ಎ.ಎಲ್. ಹುಟ್ಟಿದ್ದೇ 1940ರಲ್ಲಿ, ಇದೇ ಊರಿನಲ್ಲಿ, ಮೈಸೂರು ಸಂಸ್ಥಾನದ ಪಾಲು ಬಂಡವಾಳ ಪಡೆದು.

ನೀನು ದೇವನಹಳ್ಳಿ ರಸ್ತೆಯಲ್ಲಿ ಹೋಗುವಾಗ ಕತ್ತೆತ್ತಿ ಮೇಲಿನ ವಿಮಾನ ನೋಡುತ್ತೀಯ. ಮೊಬೈಲು ಎತ್ತಿ ಫೋಟೋ ಹೊಡೆಯುತ್ತೀಯ. ಅದೇ ಊರಿನ ಶೆಡ್ಡೊಂದರಲ್ಲಿ ಹಗಲು ರಾತ್ರಿ ‘ಹಾರುವ’ ಇನ್ನೊಂದು ವಿಮಾನದ ಸುದ್ದಿಯೇ ನಿನಗಿಲ್ಲ. ಅದನ್ನು ಸುಸ್ಥಿತಿಯಲ್ಲಿ ಇಡುವ ಕೆಲಸಗಾರರಿದ್ದಾರೆ ಎಂಬುದಂತೂ ಕನಸಿನಲ್ಲೂ ಹೊಳೆದಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವುದು ಅಂದರೆ ಇದೇ ಅಲ್ಲವೇ?

ಇದನ್ನು ಬರೆಯುತ್ತಿರುವ ನಾನು ಹದಿನಾಲ್ಕು ವರ್ಷ ಆ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ಅನ್ನ ತಿಂದವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ನನ್ನ ಪಾಳಿಯಲ್ಲಿ ಕನ್ನಡ ಮಾತಾಡುವವರು ನಾವು ಇಬ್ಬರೇ ಇದ್ದೆವು. ಉಳಿದವರು ಬೇರೆ ಬೇರೆ ರಾಜ್ಯಗಳಿಂದ ಬಂದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಕೆಲಸಗಾರರು. ಕೆಲಸ ಇದೆ ಎಂದು ಅವರಿಗೆ ಗೊತ್ತಿತ್ತು, ಅರ್ಜಿ ಹಾಕಿದರು, ಗೆದ್ದರು. ನನ್ನ ಸಿಟ್ಟು ನಿನ್ನ ಮೇಲೆ. ಜಾಗ ಖಾಲಿ ಇದ್ದಾಗ ನೀನೆಲ್ಲಿದ್ದೆ?

ಆರು ಕಾಲಿನ ಸುಳ್ಳು

ಮೊದಲು ಈ ಯಂತ್ರ ಏನೆಂದು ತಿಳಿದುಕೋ. ಮಾಲಿನಲ್ಲಿ ಮಕ್ಕಳು ಕೂತು ಕಿರುಚುವ ಆಟದ ಪೆಟ್ಟಿಗೆಯಲ್ಲ ಇದು.

ನಿಜವಾದ ವಿಮಾನದ ಮೂತಿಯನ್ನು, ಅಂದರೆ ಪೈಲಟ್‌ಗಳು ಕೂರುವ ಕಾಕ್‌ಪಿಟ್ಟನ್ನು, ಒಂದು ಸ್ವಿಚ್ಚೂ ಬಿಡದೆ ಹಾಗೇ ಕಟ್ಟಿ ನಿಲ್ಲಿಸಿದ್ದಾರೆ. ಅದರ ಕೆಳಗೆ ಆರು ಕಾಲು. ಒಂದೊಂದು ಕಾಲೂ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ದೊಡ್ಡ ಸಿಮ್ಯುಲೇಟರಿನಲ್ಲಿ ಈ ಏರಿಳಿತ ಸುಮಾರು ಒಂದೂವರೆ ಮೀಟರ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್‌ನಿಂದ ಕಾಲು ಆಡುತ್ತಿತ್ತು. ಈಗಿನವು ಹೆಚ್ಚಾಗಿ ವಿದ್ಯುತ್ ಮೋಟಾರಿನವು. ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ, ಜೊತೆಗೆ ಮೂರು ಬಗೆಯ ವಾಲುವಿಕೆ ಮತ್ತು ತಿರುಗುವಿಕೆ. ಈ ಆರೂ ಚಲನೆಗಳನ್ನು ಆರು ಕಾಲು ಸೇರಿ ಹುಟ್ಟಿಸುತ್ತವೆ.

ಈಗ ನೋಡು ಗಮ್ಮತ್ತು! ವಿಮಾನ ರನ್‌ವೇಯಲ್ಲಿ ಓಡತೊಡಗಿದಾಗ ನಿನ್ನ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಆ ಒತ್ತಡ ಅರ್ಧ ನಿಮಿಷ ಇರುತ್ತದೆ. ಆದರೆ ಶೆಡ್ಡಿನಲ್ಲಿ ಓಡಲು ಜಾಗ ಎಲ್ಲಿದೆ? ಯಂತ್ರ ಮೊದಲು ಒಮ್ಮೆ ಮುಂದಕ್ಕೆ ತಳ್ಳುತ್ತದೆ. ಆಮೇಲೆ ಪೈಲಟ್‌ಗೆ ಗೊತ್ತೇ ಆಗದಷ್ಟು ನಿಧಾನವಾಗಿ ಮೂತಿಯನ್ನು ಮೇಲಕ್ಕೆತ್ತುತ್ತದೆ. ಭೂಮಿಯ ಸೆಳೆತವೇ ಅವನನ್ನು ಹಿಂದಕ್ಕೆ ಒತ್ತುತ್ತದೆ. ಕಣ್ಣೆದುರು ರನ್‌ವೇ ಓಡುತ್ತಿದೆ, ಬೆನ್ನು ಸೀಟಿಗೆ ಅಂಟಿದೆ. ಮಿದುಳು ನಂಬಿಬಿಡುತ್ತದೆ.

ಕಿಟಕಿಯ ಆಚೆ ಕಾಣುವ ಲೋಕವೂ ಹಾಗೇ. ಪ್ರೊಜೆಕ್ಟರ್‌ಗಳ ಚಿತ್ರ ನೇರವಾಗಿ ಕಣ್ಣಿಗೆ ಬರುವುದಿಲ್ಲ. ಬಾಗಿದ ದೊಡ್ಡ ಕನ್ನಡಿಯಲ್ಲಿ ಬಿದ್ದು ಬರುತ್ತದೆ. ಎಷ್ಟೋ ಯಂತ್ರಗಳಲ್ಲಿ ಆ ಕನ್ನಡಿ ಗಾಜಿನದಲ್ಲ, ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಹಿಂದಿನಿಂದ ಗಾಳಿ ಎಳೆದು ಅದನ್ನು ಬಟ್ಟಲಿನಂತೆ ಬಿಗಿದಿರುತ್ತಾರೆ. ಹಾಗಾಗಿ ಕೈಯಳತೆಯ ದೂರದಲ್ಲಿರುವ ಬೆಟ್ಟ ಹತ್ತು ಮೈಲಿ ಆಚೆ ನಿಂತಂತೆ ಕಾಣುತ್ತದೆ. ಎಡಗಡೆ ಕೂತವನಿಗೂ ಬಲಗಡೆ ಕೂತವನಿಗೂ ಒಂದೇ ದಿಕ್ಕಿನಲ್ಲಿ ಕಾಣುತ್ತದೆ.

ಪೈಲಟ್ ಕೈ ಆಡಿಸಿದ ಮೇಲೆ ಯಂತ್ರ ಪ್ರತಿಕ್ರಿಯೆ ಕೊಡಲು ಎಷ್ಟು ತಡ ಮಾಡಬಹುದು ಗೊತ್ತೇ? ಅತ್ಯುನ್ನತ ದರ್ಜೆಯ ಸಿಮ್ಯುಲೇಟರಿಗೆ ಹಳೆಯ ನಿಯಮ 150 ಮಿಲಿಸೆಕೆಂಡ್ ಕೊಡುತ್ತಿತ್ತು, ಹೊಸ ನಿಯಮಗಳು 100ಕ್ಕೆ ಇಳಿಸಿವೆ. ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು! ಅದಕ್ಕಿಂತ ತಡವಾದರೆ ಪೈಲಟ್‌ನ ಕೈಗೆ ತಪ್ಪು ಅಭ್ಯಾಸ ಹತ್ತುತ್ತದೆ.

ಈ ಯಂತ್ರಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆಗಳಿವೆ. ಶಾಲೆಯ ಮಾರ್ಕ್ಸ್ ಕಾರ್ಡಿನಂತಲ್ಲ, ಇಲ್ಲಿ ಡಿ ಎಂಬುದೇ ಮೊದಲ ರ‍್ಯಾಂಕು. ಅನುಭವಿ ಪೈಲಟ್ ಒಬ್ಬ ಹೊಸ ಮಾದರಿಯ ವಿಮಾನವನ್ನು ಪೂರ್ತಿ ಡಿ ದರ್ಜೆಯ ಸಿಮ್ಯುಲೇಟರಿನಲ್ಲೇ ಕಲಿತು, ಆ ಮಾದರಿಯ ನಿಜವಾದ ವಿಮಾನವನ್ನು ಮೊದಲ ಬಾರಿ ಮುಟ್ಟುವಾಗ ಹಿಂದೆ ಪ್ರಯಾಣಿಕರು ಕೂತಿರಲು ಹಲವು ದೇಶಗಳ ನಿಯಮ ಒಪ್ಪುತ್ತದೆ. ಪಕ್ಕದಲ್ಲಿ ತರಬೇತುದಾರ ಕ್ಯಾಪ್ಟನ್ ಇರುತ್ತಾನೆ, ನಿಜ. ಆದರೂ ಯೋಚಿಸು. ಆ ಪ್ರಯಾಣಿಕರಲ್ಲಿ ನಿನ್ನ ಅಮ್ಮ ಇರಬಹುದು. ಆ ಪೈಲಟ್‌ನ ಕೈಗೆ ಪಾಠ ಕಲಿಸಿದ್ದು ಆರು ಕಾಲಿನ ಯಂತ್ರ. ಆ ಯಂತ್ರ ಸರಿ ಇದೆ ಎಂದು ಹಿಂದಿನ ರಾತ್ರಿ ಸಹಿ ಹಾಕಿದ್ದು ಒಬ್ಬ ಟೆಕ್ನಿಷಿಯನ್.

ಇದನ್ನು ಹುಟ್ಟಿಸಿದವನು ಯಾರು?

ದೊಡ್ಡ ವಿಜ್ಞಾನಿ ಎಂದುಕೊಂಡೆಯಾ? ಅಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನ ಎಡ್ವಿನ್ ಲಿಂಕ್. ಅವನಪ್ಪನದು ಪಿಯಾನೊ, ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ನಮ್ಮ ಭಜನೆ ಮನೆಯ ಹಾರ್ಮೋನಿಯಂ ನೋಡಿದ್ದೀಯಲ್ಲ? ತಿದಿ ಒತ್ತಿದರೆ ಗಾಳಿ, ಗಾಳಿಯಿಂದ ಸ್ವರ. ಲಿಂಕ್ ಅಂಥದೇ ತಿದಿಗಳನ್ನು ಮರದ ಪುಟ್ಟ ವಿಮಾನದ ಕೆಳಗೆ ಕೂರಿಸಿದ. ಗಾಳಿ ತುಂಬಿದರೆ ಏಳುತ್ತದೆ, ಬಿಟ್ಟರೆ ವಾಲುತ್ತದೆ. ಅದು 1929. ವಿಮಾನ ಕಲಿಯಲು ದುಡ್ಡು ಸುರಿಯಬೇಕಾದ ಕಷ್ಟ ಅವನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಮೊದಲು ಯಾರೂ ಮೂಸಿ ನೋಡಲಿಲ್ಲ. ಜಾತ್ರೆಯ ಆಟದ ಸಾಮಾನು ಎಂದು ನಕ್ಕರು. 1934ರಲ್ಲಿ ಅಮೆರಿಕದ ಸೈನ್ಯ ಟಪಾಲು ವಿಮಾನ ಹಾರಿಸಲು ಹೋಗಿ ಕತ್ತಲಲ್ಲಿ, ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರಂತೆ ಪೈಲಟ್‌ಗಳನ್ನು ಕಳೆದುಕೊಂಡಿತು. ಆಗ ಬುದ್ಧಿ ಬಂದು ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಥವು 10,000ಕ್ಕೂ ಹೆಚ್ಚು ತಯಾರಾದವು.

ನೋಡಿದೆಯಾ? ವಾದ್ಯ ರಿಪೇರಿ ಮಾಡುವವನ ಕೈಯಿಂದ ಹುಟ್ಟಿದ ವಿದ್ಯೆ ಇದು. ನಿನ್ನ ಕೈಗೆ ಎಟುಕದ್ದೇನಲ್ಲ.

ಯಂತ್ರ ಸುಳ್ಳು ಹೇಳಿದರೆ...

1990ರ ಫೆಬ್ರುವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ನಮ್ಮ ಹೆಚ್.ಎ.ಎಲ್. ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ನಿನ್ನಪ್ಪನನ್ನು ಕೇಳು, ಆ ಹೊಗೆ ಅವನಿಗೆ ನೆನಪಿದ್ದೀತು. ವಿಮಾನ ಕೆಟ್ಟಿರಲಿಲ್ಲ. ಕಂಪ್ಯೂಟರೇ ಅರ್ಧ ಕೆಲಸ ಮಾಡುವ ಹೊಸ ಬಗೆಯ ವಿಮಾನ ಅದು, ದೇಶಕ್ಕೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಇಳಿಯುವ ಹೊತ್ತಿಗೆ ಇಂಜಿನ್‌ಗಳ ಶಕ್ತಿ ತೀರಾ ತಗ್ಗಿದ ಸ್ಥಿತಿಯಲ್ಲಿ ವಿಮಾನವಿತ್ತು, ಪೈಲಟ್‌ಗಳಿಗೆ ಅದು ಹೊತ್ತಿಗೆ ಸರಿಯಾಗಿ ಅರಿವಾಗಲಿಲ್ಲ. ಇಂಥ ಗಳಿಗೆಯನ್ನು ನೂರು ಸಲ ಅನುಭವಿಸಿ ಬದುಕಿ ಬರಲು ಇರುವ ಜಾಗ ಒಂದೇ, ಸಿಮ್ಯುಲೇಟರ್.

ಆದರೆ ಸಿಮ್ಯುಲೇಟರೇ ಸುಳ್ಳು ಕಲಿಸಿದರೆ?

2001ರ ನವೆಂಬರ್ 12. ನ್ಯೂಯಾರ್ಕಿನಿಂದ ಎದ್ದ ಅಮೆರಿಕನ್ ಏರ್‌ಲೈನ್ಸ್ 587 ವಿಮಾನ ಕೆಲವೇ ನಿಮಿಷಗಳಲ್ಲಿ ಬಿತ್ತು. ನೆಲದ ಮೇಲಿದ್ದ 5 ಮಂದಿ ಸೇರಿ 265 ಜನ ಸತ್ತರು. ಮುಂದೆ ಹೋದ ವಿಮಾನದ ಗಾಳಿಸುಳಿಗೆ ಸಿಕ್ಕಾಗ ಸಹಪೈಲಟ್ ಕಾಲಡಿಯ ರಡರ್ ಪೆಡಲನ್ನು ಎಡಕ್ಕೂ ಬಲಕ್ಕೂ ಬಲವಾಗಿ ತುಳಿದ. ಬಾಲದ ರೆಕ್ಕೆಯೇ ಕಿತ್ತು ಹೋಯಿತು! ಯಾಕೆ ಹಾಗೆ ತುಳಿದ? ತನಿಖೆ ಮಾಡಿದ ಅಮೆರಿಕದ ಸುರಕ್ಷತಾ ಮಂಡಳಿ ಆ ವಿಮಾನದ ರಡರ್ ವ್ಯವಸ್ಥೆಯ ಜೊತೆಗೆ ಕಂಪನಿಯ ತರಬೇತಿ ಕ್ರಮದತ್ತಲೂ ಬೆರಳು ತೋರಿಸಿತು. ಸಿಮ್ಯುಲೇಟರಿನ ಒಂದು ಅಭ್ಯಾಸದಲ್ಲಿ, ಮೊದಲ ಕ್ಷಣಗಳಲ್ಲಿ ಪೈಲಟ್ ಏನು ಮಾಡಿದರೂ ವಿಮಾನ ಬಗ್ಗದಂತೆ ಮಾಡಿಟ್ಟಿದ್ದರು. ‘ಜೋರಾಗಿ ತುಳಿದರೆ ಮಾತ್ರ ಬಗ್ಗುತ್ತದೆ’ ಎಂಬ ತಪ್ಪು ಪಾಠ ಕಲಿಸಬಲ್ಲ ಅಭ್ಯಾಸ ಅದು.

ಇನ್ನೊಂದು. ಬೋಯಿಂಗ್ 737 ಮ್ಯಾಕ್ಸ್. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ 157 ಜನ. ಒಟ್ಟು 346 ಹೆಣ. ಎರಡೂ ಬಿದ್ದಾದ ಮೇಲೆ, 2019ರ ಮೇ ತಿಂಗಳಲ್ಲಿ ಬೋಯಿಂಗ್ ಬಾಯಿಬಿಟ್ಟಿತು: ಮ್ಯಾಕ್ಸ್ ಸಿಮ್ಯುಲೇಟರಿನ ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು, ಕೆಲವು ಅಪಾಯದ ಸ್ಥಿತಿಗಳನ್ನು ಅದು ಸರಿಯಾಗಿ ತೋರಿಸುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕೈಯಿಂದ ತಿರುಗಿಸಬೇಕಾದ ಟ್ರಿಮ್ ಚಕ್ರ ನಿಜದಲ್ಲಿ ಎಷ್ಟು ಬಿಗಿಯಾಗುತ್ತದೆ ಎಂಬುದು ಯಂತ್ರದೊಳಗೆ ಕೂತ ಪೈಲಟ್‌ಗೆ ತಿಳಿಯುತ್ತಿರಲಿಲ್ಲ.

ಈ ಎರಡರಲ್ಲೂ ತಪ್ಪು ಟೆಕ್ನಿಷಿಯನ್ನನದಲ್ಲ, ತರಬೇತಿ ರೂಪಿಸಿದವರದು, ಯಂತ್ರಕ್ಕೆ ಲೆಕ್ಕ ಬರೆದವರದು. ನಾನು ಹೇಳುವುದು ಇಷ್ಟೇ: ಈ ಯಂತ್ರದ ಸುಳ್ಳು ಯಂತ್ರದಲ್ಲೇ ಉಳಿಯುವುದಿಲ್ಲ. ಪೈಲಟ್‌ನ ಕೈಕಾಲಿಗೆ ಹತ್ತಿ ಆಕಾಶಕ್ಕೆ ಹೋಗುತ್ತದೆ. ಹಾಗಾಗದಂತೆ ದಿನವೂ ಕಾಯುವವನು ಟೆಕ್ನಿಷಿಯನ್.

ಬೆಳಗಿನ ಜಾವದ ನಾಲ್ಕು ಗಂಟೆ

ಕೋಟಿಗಟ್ಟಲೆ ಬೆಲೆಯ ಈ ಯಂತ್ರವನ್ನು ಮಾಲೀಕರು ಸುಮ್ಮನೆ ಬಿಡುವುದಿಲ್ಲ. ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ದುಡಿಸುತ್ತಾರೆ. ಉಳಿದ ನಾಲ್ಕಾರು ಗಂಟೆ, ಅದೂ ನಡುರಾತ್ರಿ ಕಳೆದ ಮೇಲೆ, ನಮ್ಮದು.

ಲಾಗ್ ಪುಸ್ತಕ ತೆರೆಯಬೇಕು. ಹಗಲಿನ ಪೈಲಟ್‌ಗಳು ಬರೆದ ದೂರು ಓದಬೇಕು. ಪ್ರೊಜೆಕ್ಟರ್‌ಗಳ ಚಿತ್ರ ಒಂದಕ್ಕೊಂದು ಹೊಂದುತ್ತಿದೆಯೇ, ಕಾಲುಗಳಲ್ಲಿ ಅಪಸ್ವರ ಇದೆಯೇ, ತುರ್ತು ನಿಲುಗಡೆಯ ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆಯೇ, ಬಾಗಿಲು ತೆರೆದಿದ್ದಾಗ, ಸೇತುವೆ ಹಲಗೆ ಕೆಳಗಿದ್ದಾಗ ಯಂತ್ರ ಅಲುಗಾಡದೆ ಇರುತ್ತದೆಯೇ, ಎಲ್ಲ ನೋಡಬೇಕು. ಕಾಲುಗಳ ನಡುವೆ ಇಳಿಯುವ ಮೊದಲು ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ನಿನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಹತ್ತು ಟನ್ನಿಗೂ ಮಿಕ್ಕ ಭಾರ ತಲೆಯ ಮೇಲಿದೆ. ಅದಕ್ಕೆ ಕನ್ನಡಿಗ, ತಮಿಳ, ಬಿಹಾರಿ ಎಂಬ ಭೇದವಿಲ್ಲ.

ಇದರ ಮೇಲೆ ಕ್ಯು.ಟಿ.ಜಿ. ಎಂಬ ದಪ್ಪ ಪುಸ್ತಕವಿದೆ. ನಿಜವಾದ ವಿಮಾನವನ್ನು ಹಾರಿಸಿ ಅಳೆದ ಲೆಕ್ಕ ಒಂದು ಕಡೆ, ಸಿಮ್ಯುಲೇಟರ್ ತೋರಿಸುವ ಲೆಕ್ಕ ಇನ್ನೊಂದು ಕಡೆ. ಎರಡು ಗೆರೆಗಳೂ ಗೊತ್ತುಪಡಿಸಿದ ಅಂತರದೊಳಗೆ ಒಟ್ಟಿಗೆ ಸಾಗಬೇಕು. ಇಂಥ ನೂರಾರು ಪರೀಕ್ಷೆಗಳನ್ನು ವರ್ಷವಿಡೀ ಸರದಿಯಂತೆ ನಡೆಸುತ್ತಾರೆ. ನಮ್ಮ ದೇಶದಲ್ಲಿ ಡಿ.ಜಿ.ಸಿ.ಎ. ಅಧಿಕಾರಿಗಳು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಆ ಯಂತ್ರದಲ್ಲಿ ಕಳೆದ ಗಂಟೆಗೆ ಬೆಲೆ. ಒಪ್ಪದಿದ್ದರೆ ಅದು ಬರೀ ದುಬಾರಿ ತೊಟ್ಟಿಲು!

ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಲಾಗ್‌ನಲ್ಲಿ ಒಂದು ದೂರು: ‘ಎಡಗಡೆ ಸೀಟಿನ ರಡರ್ ಪೆಡಲ್ ಹಗುರ ಅನಿಸುತ್ತದೆ.’ ಪರೀಕ್ಷೆ ಮಾಡಿದೆ, ಸರಿಯಾಗಿತ್ತು. ‘ದೋಷ ಕಂಡುಬರಲಿಲ್ಲ’ ಎಂದು ಬರೆದೆ. ಮಾರನೇ ದಿನ ಬೇರೆ ಪೈಲಟ್, ಅದೇ ದೂರು. ಮತ್ತೆ ಪರೀಕ್ಷೆ, ಮತ್ತೆ ಸರಿ. ಮೂರನೇ ರಾತ್ರಿ ಮೇಲಧಿಕಾರಿ ಬಂದು ನಿಂತರು. “ಆರು ಗಂಟೆಗೆ ಸೆಷನ್ ಇದೆ. ಪೈಲಟ್‌ಗಳ ಕಾಲಿಗೇ ರೋಗ. ಮುಚ್ಚಿ ಸಹಿ ಹಾಕು.”

ಪೆನ್ನು ತೆಗೆದಿದ್ದೆ. ಆಗ ಹುಬ್ಬಳ್ಳಿ ಕಡೆಯ ನಮ್ಮ ಹಿರಿಯ ಟೆಕ್ನಿಷಿಯನ್ ನನ್ನ ಕೈ ಹಿಡಿದರು. “ತಡಿಯೋ ತಮ್ಮಾ. ನೀ ನೋಡೂದು ತಣ್ಣಗಿರೋ ಯಂತ್ರ. ಅವ್ರು ತುಳಿಯೂದು ಕಾದ ಯಂತ್ರ. ಮೂರು ತಾಸು ಓಡಿಸಿ ಆಮ್ಯಾಲೆ ಅಳತಿ ಹಿಡಿ.”

ಓಡಿಸಿದೆವು. ಮೂರು ತಾಸಾದ ಮೇಲೆ ಪೆಡಲಿಗೆ ಬಲಮಾಪಕ ಹಿಡಿದರೆ ಗೆರೆ ಕೆಳಕ್ಕೆ ಜಾರಿತ್ತು! ಬಲ ಅಳೆಯುವ ಸಂವೇದಕದ ಕನೆಕ್ಟರ್ ಒಂದು ಸಡಿಲವಾಗಿತ್ತು. ಬಿಸಿಯಾದಂತೆ ತಪ್ಪು ಲೆಕ್ಕ ಕೊಡುತ್ತಿತ್ತು. ಟೇಕಾಫ್ ಹೊತ್ತಿನಲ್ಲಿ ಒಂದು ಇಂಜಿನ್ ಸತ್ತರೆ ಪೈಲಟ್ ವಿಮಾನವನ್ನು ನೇರವಾಗಿ ಇಡುವುದು ಆ ಪೆಡಲಿನಿಂದಲೇ. ಮೂರು ದಿನ ಎಷ್ಟು ಕಾಲುಗಳು ಆ ಹಗುರ ಪೆಡಲಿಗೆ ಒಗ್ಗಿಕೊಂಡಿದ್ದವೋ! ಬೆಳಗಿನ ಸೆಷನ್ ರದ್ದಾಯಿತು. ಮೇಲಧಿಕಾರಿ ಕೆಂಡಾಮಂಡಲವಾದರು. ಹಿರಿಯರು ಚಹಾ ಕುಡಿಯುತ್ತ ಒಂದೇ ಮಾತು ಹೇಳಿದರು: “ಸಹಿ ಹಾಕೂದು ಸಲೀಸು ಐತಿ. ಅಳಸೂದು ಆಗೂದಿಲ್ಲ.”

ಮೊದಲ ಎರಡು ರಾತ್ರಿಯ ನನ್ನ ಸಹಿ ಆ ಪುಸ್ತಕದಲ್ಲಿ ಇವತ್ತಿಗೂ ಇದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ನಿನ್ನ ಕಿವಿಗೆ ಬಿದ್ದ ಮೂರು ಸುಳ್ಳುಗಳು

ಇಂಥ ಕೆಲಸಕ್ಕೆ ನೀನು ಯಾಕೆ ಬರಲಿಲ್ಲ? ನಿನಗೆ ಮೂರು ಸುಳ್ಳು ಹೇಳಿದ್ದಾರೆ. ನೀನು ನಂಬಿದ್ದೀಯ.

ಸುಳ್ಳು ಒಂದು: ‘ವಿಮಾನ ಅಂದರೆ ಪೈಲಟ್, ಇಲ್ಲವೇ ಗಗನಸಖಿ.’ ದೂರದ ಬೆಟ್ಟ ನುಣ್ಣಗೆ! ಪೈಲಟ್ ಆಗಲು ಅರ್ಧ ಕೋಟಿಯ ಆಸುಪಾಸು ಬೇಕು. ಅಪ್ಪನ ಸೈಟು ಮಾರಿ, ಅಮ್ಮನ ಸರ ಅಡವಿಟ್ಟು ಲೈಸೆನ್ಸು ತೆಗೆದುಕೊಂಡು ಕೆಲಸಕ್ಕೆ ಕಾಯುತ್ತ ಕೂತವರನ್ನು ನಾನು ಕಂಡಿದ್ದೇನೆ. ಆಸೆಯಿದ್ದರೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಒಬ್ಬ ಪೈಲಟ್ ಹಾರಲು ನೆಲದ ಮೇಲೆ ಎಷ್ಟು ಕೈಗಳು ದುಡಿಯುತ್ತವೆ ಎಂದು ಒಮ್ಮೆಯಾದರೂ ಎಣಿಸಿದ್ದೀಯಾ?

ಸುಳ್ಳು ಎರಡು: ‘ಆರು ತಿಂಗಳ ಏವಿಯೇಷನ್ ಕೋರ್ಸ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ.’ ಗಲ್ಲಿಗೊಂದು ಬೋರ್ಡು, ಬೋರ್ಡಿನಲ್ಲಿ ಟೈ ಕಟ್ಟಿದ ಹುಡುಗ, ಹಿಂದೆ ವಿಮಾನದ ಚಿತ್ರ. ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳು. ನೀವು ಕೊಡುವ ಸರ್ಟಿಫಿಕೇಟನ್ನು ಯಾವ ಸರ್ಕಾರಿ ಮಂಡಳಿ ಒಪ್ಪಿದೆ? ನಿಮ್ಮ ವರ್ಕ್‌ಶಾಪ್ ಎಲ್ಲಿದೆ, ಈಗಲೇ ತೋರಿಸುತ್ತೀರಾ? ಹೋದ ವರ್ಷ ಕಲಿತ ಐದು ಜನ ಈಗ ಎಲ್ಲಿ ದುಡಿಯುತ್ತಿದ್ದಾರೆ, ಅವರ ಜೊತೆ ಮಾತಾಡಿಸುತ್ತೀರಾ? ಮೂರಕ್ಕೂ ಉತ್ತರ ಬಾರದಿದ್ದರೆ ಚಪ್ಪಲಿ ಮೆಟ್ಟಿ ಹೊರಗೆ ಬಾ.

ಸುಳ್ಳು ಮೂರು, ಎಲ್ಲಕ್ಕಿಂತ ವಿಷದ್ದು: ‘ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ.’ ನನ್ನನ್ನೇ ನೋಡು. ಮೊದಲ ಸಂದರ್ಶನದಲ್ಲಿ ನನ್ನ ಇಂಗ್ಲಿಷ್ ಕೇಳಿ ಒಬ್ಬರು ನಕ್ಕರು. ಇನ್ನೊಬ್ಬರು ಸರ್ಕಿಟ್ ನಕ್ಷೆ ಮುಂದಿಟ್ಟು “ತಪ್ಪು ಎಲ್ಲಿದೆ?” ಅಂದರು. ಬೆರಳಿಟ್ಟು ತೋರಿಸಿದೆ. ನಗು ನಿಂತಿತು. ಈ ಕೆಲಸಕ್ಕೆ ಇಂಗ್ಲಿಷ್ ಬೇಕು, ನಿಜ. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲೇ ಇವೆ, ಲಾಗ್ ಬರೆಯುವುದೂ ಅದರಲ್ಲೇ. ಆದರೆ ಭಾಷಣ ಬಿಗಿಯುವ ಇಂಗ್ಲಿಷ್ ಅಲ್ಲ. ಏನು ನೋಡಿದೆ, ಏನು ಅಳೆದೆ, ಏನು ಬದಲಿಸಿದೆ, ಇಷ್ಟನ್ನು ಚಿಕ್ಕ ವಾಕ್ಯದಲ್ಲಿ ಬರೆಯುವ ಇಂಗ್ಲಿಷ್. ಆರು ತಿಂಗಳು ದಿನಕ್ಕೊಂದು ಪುಟ ಕೈಪಿಡಿ ಓದು, ಬರುತ್ತದೆ. ಅರ್ಥ ಮಾಡಿಕೊಳ್ಳುವುದು ಬೇರೆ. ಅದು ನಿನ್ನ ಭಾಷೆಯಲ್ಲಿ ಆಗಬೇಕು. ಓಮ್‌ನ ನಿಯಮವನ್ನು ಕನ್ನಡದಲ್ಲಿ ಅರಗಿಸಿಕೊಂಡವನು ಅದನ್ನು ಮರೆಯುವುದಿಲ್ಲ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವನು ಪರೀಕ್ಷೆಯ ಹಾಲಿನಲ್ಲೇ ಬಿಟ್ಟು ಬರುತ್ತಾನೆ.

ಹಾಗಾದರೆ ದಾರಿ ಯಾವುದು?

ಕೇಳು, ನೇರವಾಗಿ ಹೇಳುತ್ತೇನೆ.

ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕಾಟ್ರಾನಿಕ್ಸ್, ಕಂಪ್ಯೂಟರ್, ಇವುಗಳಲ್ಲಿ ಯಾವುದಾದರೂ ಡಿಪ್ಲೊಮಾ ಅಥವಾ ಬಿ.ಇ. ಒಳ್ಳೆಯ ಅಡಿಪಾಯ. ಐ.ಟಿ.ಐ. ಮಾಡಿದ್ದೀಯಾ? ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಟ್ರೇಡಿನವರು ಅಪ್ರೆಂಟಿಸ್ ಆಗಿ ಸೇರಿ ಆಮೇಲೆ ಡಿಪ್ಲೊಮಾ ಮಾಡಿಕೊಳ್ಳಬಹುದು. ವಿಮಾನ ರಿಪೇರಿಗೆ ಬೇಕಾದ ಎ.ಎಂ.ಇ. ಲೈಸೆನ್ಸು ಇದ್ದರೆ ಲಾಭವೇ, ವಿಮಾನದ ಒಳಗುಟ್ಟು ತಿಳಿದಿರುತ್ತದೆ. ಆದರೆ ಸಿಮ್ಯುಲೇಟರ್ ವಿಮಾನವಲ್ಲ, ಹಾಗಾಗಿ ಆ ಲೈಸೆನ್ಸೇ ಬಾಗಿಲ ಕೀಲಿ ಎಂದುಕೊಳ್ಳಬೇಡ.

ನಾಲ್ಕು ವಿದ್ಯೆ ಕೈಗೆ ಬರಲಿ. ಒಂದು, ಮಲ್ಟಿಮೀಟರ್ ಮತ್ತು ಆಸಿಲೋಸ್ಕೋಪ್ ಹಿಡಿದು ದೋಷ ಹುಡುಕುವುದು. ಎರಡು, ಕಂಪ್ಯೂಟರ್ ಜಾಲ: ಒಂದು ಸಿಮ್ಯುಲೇಟರಿನೊಳಗೆ ಹಲವು ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುತ್ತಿರುತ್ತವೆ, ಲಿನಕ್ಸ್ ತಿಳಿದಿದ್ದರೆ ಅರ್ಧ ಯುದ್ಧ ಗೆದ್ದಂತೆ. ಮೂರು, ಮೋಟಾರು, ಸರ್ವೊ, ಹೈಡ್ರಾಲಿಕ್ಸ್. ನಾಲ್ಕು, ವಿಮಾನ ಹೇಗೆ ಹಾರುತ್ತದೆ ಎಂಬ ಮೂಲಪಾಠ. ಪೈಲಟ್ ‘ಮೂತಿ ಭಾರ ಅನಿಸುತ್ತದೆ’ ಅಂದಾಗ ಅವನು ಏನು ಹೇಳುತ್ತಿದ್ದಾನೆಂದು ನಿನಗೆ ತಿಳಿಯಬೇಕಲ್ಲ! ಉಳಿದದ್ದನ್ನು, ಅಂದರೆ ಆ ಯಂತ್ರದ್ದೇ ವಿವರಗಳನ್ನು, ತಯಾರಿಸಿದ ಕಂಪನಿಯವರು ಮತ್ತು ನಿನ್ನ ಹಿರಿಯರು ಕಲಿಸುತ್ತಾರೆ.

ಕಷ್ಟ ಮುಚ್ಚಿಡುವುದಿಲ್ಲ. ರಾತ್ರಿ ಪಾಳಿ ಇರುತ್ತದೆ. ಹಬ್ಬದ ದಿನವೂ ಯಂತ್ರ ಓಡುತ್ತದೆ. ನೆಂಟರ ಮನೆಯಲ್ಲಿ ‘ಏನು ಕೆಲಸ?’ ಎಂದು ಕೇಳಿದರೆ ಅರ್ಧ ಗಂಟೆ ವಿವರಿಸಬೇಕು. ಇಂಥ ಕೇಂದ್ರಗಳು ಊರಿಗೆ ನೂರಿಲ್ಲ, ಬೆರಳೆಣಿಕೆಯಷ್ಟು. ಹುದ್ದೆಗಳೂ ಸಾವಿರಗಟ್ಟಲೆ ಇಲ್ಲ. ಆದರೆ ಇಲ್ಲಿ ಕಲಿತ ಕೈಗೆ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಮೆಟ್ರೊ ರೈಲು, ಕಾರ್ಖಾನೆಯ ರೋಬೊ, ಯಾವುದೂ ಹೊಸದಲ್ಲ. ಒಂದು ಬಾಗಿಲು ಮುಚ್ಚಿದರೆ ಹತ್ತು ಬಾಗಿಲು ತಟ್ಟಬಲ್ಲೆ.

ಆಳುವವರಿಗೆ ಎರಡು ಮಾತು

ನಿನ್ನನ್ನಷ್ಟೇ ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ವಿಧಾನಸೌಧದಲ್ಲಿ ಕೂತವರಿಗೂ ಪಾಲು ಕೊಡಬೇಕು.

ಕನ್ನಡಿಗರಿಗೆ ಉದ್ಯೋಗ ಎಂದರೆ ಇವರಿಗೆ ನೆನಪಾಗುವುದು ಕಾಗದ. ಸರೋಜಿನಿ ಮಹಿಷಿ ವರದಿ ಬಂದು ನಾಲ್ಕು ದಶಕ ಆಗುತ್ತ ಬಂತು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗುರ್ ಎಂದ ಕೂಡಲೇ ಕೆಲವೇ ದಿನದಲ್ಲಿ ತಡೆಹಿಡಿಯಿತು. ಮೀಸಲು ಬೇಕೋ ಬೇಡವೋ ಎಂಬ ಜಗಳ ಇನ್ನೊಂದು ದಿನಕ್ಕಿರಲಿ. ನಾನು ಕೇಳುವುದು ಬೇರೆ. ನಾಳೆ ಮೀಸಲು ಬಂದೇ ಬಂತು ಎಂದಿಟ್ಟುಕೊಳ್ಳಿ ಸ್ವಾಮಿ, ಸಿಮ್ಯುಲೇಟರಿನ ಕೆಳಗೆ ಇಳಿಯಬಲ್ಲ ಎಷ್ಟು ಮಂದಿಯನ್ನು ನೀವು ತಯಾರು ಮಾಡಿದ್ದೀರಿ?

ಸರ್ಕಾರಿ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದ ಬೀಗ ತೆಗೆಸಿ ನೋಡಿ. ನನ್ನ ಕಾಲದಲ್ಲಿ ಎಂಟು ಜನಕ್ಕೆ ಒಂದು ಆಸಿಲೋಸ್ಕೋಪ್, ಅದೂ ಪರೀಕ್ಷೆಯ ದಿನ ಮಾತ್ರ ಹೊರಗೆ ಬರುತ್ತಿತ್ತು. 2021ರಲ್ಲಿ ಎ.ಐ.ಸಿ.ಟಿ.ಇ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಪತ್ರ ಕನ್ನಡದಲ್ಲಿ ಪಾಠ ಮಾಡುತ್ತದೆಯೇ? ಮೇಷ್ಟರಿಗೆ ತರಬೇತಿ ಬೇಕು, ಕೈಗೆ ಉಪಕರಣ ಬೇಕು. 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಬೆಂಗಳೂರಿನ ಒಂದೊಂದು ಸಿಮ್ಯುಲೇಟರ್ ಕೇಂದ್ರಕ್ಕೂ ವರ್ಷಕ್ಕೆ ನಾಲ್ಕೇ ನಾಲ್ಕು ಜನ ಡಿಪ್ಲೊಮಾ ಹುಡುಗ ಹುಡುಗಿಯರನ್ನು ಅಪ್ರೆಂಟಿಸ್ ಆಗಿ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ಭೂಮಿ, ನೀರು, ವಿದ್ಯುತ್ತು ಕೊಡುವಾಗ ಉದ್ಯಮಿಗಳ ಮುಂದೆ ಕೈಕಟ್ಟಿ ನಿಲ್ಲುತ್ತೀರಲ್ಲ, ಆ ಹೊತ್ತಿನಲ್ಲಿ ಇಷ್ಟೊಂದು ಕೇಳಲು ನಾಲಿಗೆ ಯಾಕೆ ಏಳುವುದಿಲ್ಲ?

ಕೊನೆಯ ಮಾತು ನಿನಗೆ

ಇವರು ಮಾಡುವವರೆಗೆ ಕಾಯಬೇಡ. ಕಾದು ಕೂತವರ ಪಾಲಿಗೆ ಸಿಕ್ಕಿದ್ದು ಧರಣಿ ಮತ್ತು ಬಿಸಿಲು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡು. ಮನೆಯಲ್ಲಿ ಕೆಟ್ಟು ಬಿದ್ದ ಮಿಕ್ಸಿಯೋ, ರೇಡಿಯೋವೋ ಇದ್ದೇ ಇರುತ್ತದೆ. ಪ್ಲಗ್ ಕಿತ್ತು ಬಿಚ್ಚು. ದೋಷ ಎಲ್ಲಿದೆ ಹುಡುಕು. ಏನು ನೋಡಿದೆ, ಏನು ಅಳೆದೆ, ಏನು ಮಾಡಿದೆ ಎಂದು ನಾಲ್ಕು ಸಾಲು ಬರೆದು, ತಾರೀಖು ಹಾಕಿ, ಕೆಳಗೆ ಸಹಿ ಮಾಡು. ಸುಳ್ಳಿಲ್ಲದ ಸಹಿ. ಗೊತ್ತಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂದೇ ಬರೆ. ಅಷ್ಟು ಬರೆಯುವ ಧೈರ್ಯ ಬಂದರೆ ಈ ಕೆಲಸದ ಮೊದಲ ಪಾಠ ಮುಗಿದಂತೆ. ಮಾರನೇ ದಿನ ಅಪ್ರೆಂಟಿಸ್ ನೋಂದಣಿ ಮಾಡಿಸು. ಅದರ ಮಾರನೇ ದಿನ ಇದೇ ಪತ್ರಿಕೆಯನ್ನು ಪಕ್ಕದ ಮನೆಯ ಹುಡುಗಿಯ ಕೈಗೆ ಕೊಡು.

ಇವತ್ತು ಬೆಳಗಿನ ಜಾವ ನಾಲ್ಕು ಗಂಟೆಗೂ ಈ ಊರಿನಲ್ಲಿ ಯಾರೋ ಒಬ್ಬರು ಆ ಲಾಗ್ ಪುಸ್ತಕ ತೆರೆದು ಪೆನ್ನು ಹಿಡಿದಿರುತ್ತಾರೆ. ಆ ಪೆನ್ನು ಸುಳ್ಳು ಬರೆಯಬಾರದು. ಅದು ನಿನ್ನ ಕೈಯಲ್ಲೇ ಇದ್ದರೆ ನನಗೆ ಇನ್ನೂ ಸಂತೋಷ.

ಬಾ ತಮ್ಮಾ. ಬಾ ತಂಗೀ. ಕೆಲಸ ಕಾಯುತ್ತಿದೆ.